ಎರಡು ಹೊತ್ತಿನ ಮಾತ್ರೆ

(ಬಾನುಲಿ ಭಾಷಣ)

ವಿಮಾನಯಾನವನ್ನು ಕುರಿತು ಮಾತನಾಡುವವರು ಮೋಡಗಳಿಂದ ಪ್ರಾರಂಭಿಸುವುದು ವಾಡಿಕೆ. ನಾನು ತುಟಿಯಂಚಿನ ಒಂದು ಗುಳ್ಳೆಯಿಂದ ಪ್ರಾರಂಭಿಸಬೇಕಾಗಿದೆ. ಸಾಸಿವೆಕಾಳಿನಷ್ಟು ಗುಳ್ಳೆಗೆ ಕಾಲು ಗಂಟೆಯ ಭಾಷಣವೆ ಎಂದು ಕೇಳುಗರಲ್ಲಿ ಕೆಲವರು ಹುಬ್ಬೇರಿಸಿಯಾರು. ಅವರ ಆಕ್ಷೇಪ ನ್ಯಾಯವಾದುದೇ. ಆದರೆ ಆ ಸಾಸಿವೆಕಾಳು 2023ರ ಡಿಸೆಂಬರಿನಲ್ಲಿ ನನ್ನನ್ನೂ ಹನ್ನೆರಡು ದಿನದ ನನ್ನ ಮೊಮ್ಮಗಳನ್ನೂ ಒಂದೇ ಮನೆಯೊಳಗೆ ಒಂಬತ್ತು ದಿನಗಳ ಕಾಲ ಬೇರೆ ಬೇರೆ ಕೋಣೆಗಳಲ್ಲಿ ಇರಿಸಿತು. ಅದಕ್ಕೆ ಮದ್ದು ಇರಲಿಲ್ಲವೆಂದಲ್ಲ. ಇತ್ತು, ನನ್ನ ಸಾಮಾನಿನಲ್ಲಿಯೇ ಇತ್ತು. ಇದ್ದ ಜಾಗ ಮಾತ್ರ ತಪ್ಪಾಗಿತ್ತು.

ಈ ಗುಳ್ಳೆ ನನಗೆ ಹೊಸದಲ್ಲ. ಚಿಕ್ಕಂದಿನಿಂದ ವರ್ಷಕ್ಕೆ ಎರಡು ಮೂರು ಸಲ ಬಂದುಹೋಗುವ ನೆಂಟ. ಜ್ವರ ಬಂದು ಬಿಟ್ಟಾಗ, ಬಿಸಿಲಿನಲ್ಲಿ ಜಾತ್ರೆ ಸುತ್ತಿದಾಗ, ಮುಂದೆ ಅಧ್ಯಾಪಕಿಯಾದ ಮೇಲೆ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದಾಗ, ಕೆಳತುಟಿಯ ಎಡ ಅಂಚಿನಲ್ಲಿ ಮೊದಲು ಇರುವೆ ಹರಿದಂತೆ ಚುಮುಗುಡುತ್ತದೆ. ಮರುದಿನದ ಹೊತ್ತಿಗೆ ನೀರು ತುಂಬಿದ ನಾಲ್ಕಾರು ಗುಳ್ಳೆಗಳು ಗುಂಪುಗೂಡಿ ಏಳುತ್ತವೆ, ಒಡೆಯುತ್ತವೆ, ಹಕ್ಕಳೆ ಕಟ್ಟುತ್ತವೆ, ಎಂಟು ಹತ್ತು ದಿನಕ್ಕೆ ಗುರುತಿಲ್ಲದೆ ಹೋಗುತ್ತವೆ. ‘ಉಷ್ಣ’ ಎನ್ನುತ್ತಿದ್ದರು ನಮ್ಮ ತಾಯಿ, ಬೆಣ್ಣೆ ಹಚ್ಚುತ್ತಿದ್ದರು. ‘ರಾತ್ರಿ ಜೇಡ ಹರಿದಿದೆ’ ಎನ್ನುತ್ತಿದ್ದರು ಅಜ್ಜಿ. ಇಂಗ್ಲಿಷರು ಇದನ್ನೇ ‘ಕೋಲ್ಡ್ ಸೋರ್’, ಎಂದರೆ ಶೀತದ ಹುಣ್ಣು, ಎಂದು ಕರೆದರು. ಒಂದೇ ಗುಳ್ಳೆಗೆ ಬಿಸಿಲ ನಾಡಿನವರು ಉಷ್ಣವನ್ನೂ ಚಳಿಯ ನಾಡಿನವರು ಶೀತವನ್ನೂ ಹೊಣೆ ಮಾಡಿದ್ದನ್ನು ನೋಡಿದರೆ ನಗು ಬರುತ್ತದೆ.

ವೈದ್ಯರ ಮಾತಿನಲ್ಲಿ ಇದು ಹರ್ಪಿಸ್. ಹಳೆಯ ಗ್ರೀಕಿನಲ್ಲಿ ‘ಹರ್ಪೈನ್’ ಎಂದರೆ ತೆವಳುವುದು, ಹರಿದಾಡುವುದು. ಸಂಸ್ಕೃತದ ‘ಸೃಪ್’ ಧಾತು ಅದರ ಒಡಹುಟ್ಟು. ನಮ್ಮ ಸರ್ಪ ಹುಟ್ಟಿದ್ದು ಅಲ್ಲಿಂದಲೇ. ನಮ್ಮ ಸಪ್ತ ಗ್ರೀಕಿನಲ್ಲಿ ಹೆಪ್ಟ ಆದ ಹಾಗೆಯೇ ಈ ಸಕಾರವೂ ಅಲ್ಲಿ ಹಕಾರವಾಯಿತು. ಇದೇ ಕುಲದ ಬೇರೊಂದು ವೈರಸ್ಸು ಮೈಯ ಒಂದು ಪಕ್ಕದಲ್ಲಿ ಪಟ್ಟಿಯಂತೆ ಬೊಕ್ಕೆಗಳನ್ನು ಎಬ್ಬಿಸುತ್ತದೆ. ಅದಕ್ಕೆ ಹರ್ಪಿಸ್ ಜೋಸ್ಟರ್ ಎಂದು ಹೆಸರು. ಜೋಸ್ಟರ್ ಎಂದರೆ ನಡುಕಟ್ಟು. ನಮ್ಮ ಹಳ್ಳಿಯ ಜನ ಯಾವ ಗ್ರೀಕನನ್ನೂ ಕೇಳದೆ ಅದನ್ನು ಸರ್ಪಸುತ್ತು ಎಂದರು. ಹಾವೂ ಬಂತು, ನಡುಕಟ್ಟೂ ಬಂತು. ಭಾಷೆಯನ್ನು ಪಾಠ ಹೇಳಿ ಬದುಕಿದ ನನಗೆ ಇಂಥ ಕಡೆ ರೋಗವೂ ಮರೆತು ಹೋಗುತ್ತದೆ, ಕ್ಷಮಿಸಬೇಕು.

ಆದರೆ ಹರ್ಪಿಸ್ ಎಂಬ ಹೆಸರಿಗೆ ಇನ್ನೊಂದು ನೆರಳೂ ಉಂಟು. ಈ ವೈರಸ್ಸಿನಲ್ಲಿ ಎರಡು ಬಗೆ. ಎರಡನೆಯದು ಮುಖ್ಯವಾಗಿ ದೈಹಿಕ ಸಂಬಂಧದಿಂದ ಹರಡುವುದರಿಂದ ಹೆಸರು ಕೇಳಿದೊಡನೆ ಜನ ದನಿ ತಗ್ಗಿಸುತ್ತಾರೆ. ತುಟಿಗೆ ಬರುವುದು ಬಹುಮಟ್ಟಿಗೆ ಮೊದಲನೆಯ ಬಗೆ. ಅದು ಬಂದಿರುವುದು ಸಾಮಾನ್ಯವಾಗಿ ಶೈಶವದ ಮುದ್ದಿನಿಂದ, ಎಂಜಲಿನಿಂದ. 2020ರಲ್ಲಿ ಭೂಮಿಯ ಮೇಲಿದ್ದ ಐವತ್ತು ವರ್ಷದೊಳಗಿನವರಲ್ಲಿ ಸುಮಾರು 380 ಕೋಟಿ ಮಂದಿಯ ಮೈಯಲ್ಲಿ, ಎಂದರೆ ನೂರಕ್ಕೆ 64 ಮಂದಿಯಲ್ಲಿ, ಅದು ನೆಲೆಸಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಹುಪಾಲು ಜನರಿಗೆ ಅದು ಇರುವುದೇ ತಿಳಿಯದು. ಒಮ್ಮೆ ಒಳಹೊಕ್ಕ ಮೇಲೆ ಕಿವಿಯ ಮುಂಭಾಗದಲ್ಲಿ, ತಲೆಬುರುಡೆಯ ತಳದಲ್ಲಿರುವ ಒಂದು ನರಗಂಟಿನೊಳಗೆ ಅದು ನಿದ್ರಿಸುತ್ತದೆ. ಬಿಸಿಲು, ಜ್ವರ, ದಣಿವು, ಮನಸ್ಸಿನ ಕಳವಳ ಯಾವುದಾದರೂ ಎಬ್ಬಿಸಿದರೆ ನರದ ದಾರಿ ಹಿಡಿದು ತುಟಿಗೆ ಬರುತ್ತದೆ. ನಮ್ಮವರು ನೀರಿನ ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದವರು. ಎಂಜಲೆಂದರೆ ಮಾರು ದೂರ ಹಾರಿದವರು. ಆದರೆ ಮಗುವಿನ ಮುಂದೆ ಆ ಶಾಸ್ತ್ರವೆಲ್ಲ ಕರಗುತ್ತಿತ್ತು. ನನ್ನ ತಾತ ಎಲೆಯಡಿಕೆ ಜಗಿದು, ಕೆಂಪಾದ ಒಂದು ಚೂರನ್ನು ನಾಲಗೆಯ ತುದಿಯಿಂದ ತೆಗೆದು ನನ್ನ ಬಾಯಿಗೆ ಇಡುತ್ತಿದ್ದರು. ನನಗೆ ಇದು ಬಂದದ್ದು ಅವರಿಂದಲೋ, ಕೆನ್ನೆ ಕಚ್ಚಿ ಮುದ್ದಿಡುತ್ತಿದ್ದ ಸೋದರತ್ತೆಯಿಂದಲೋ ಹೇಳಲಾರೆ. ದ್ವೇಷಿಸಿದವರಿಂದ ಬಂದದ್ದಲ್ಲವೆಂಬುದು ಖಚಿತ.

ಇಷ್ಟೆಲ್ಲ ತಿಳಿದಿದ್ದೂ ಆ ಹೆಸರು ಬರೆದ ಔಷಧದ ಚೀಟಿಯನ್ನು ನಾನು ಯಾರಿಗೂ ತೋರಿಸಿದವಳಲ್ಲ. ಮಗಳಿಗೂ ಹೇಳಿರಲಿಲ್ಲ.

ಔಷಧದ ಕಥೆ ಸ್ವಾರಸ್ಯವಾದುದು. ಅಸೈಕ್ಲೋವಿರ್ ಎಂಬುದು ಅದರ ಹೆಸರು. ಅದು 1970ರ ದಶಕದಲ್ಲಿ ಅಮೆರಿಕದ ಬರೋಸ್ ವೆಲ್‌ಕಮ್ ಪ್ರಯೋಗಶಾಲೆಯಲ್ಲಿ ರೂಪುಗೊಂಡಿತು. ಆ ಶೋಧದ ಹಿಂದಿದ್ದವರಲ್ಲಿ ಮುಖ್ಯರು ಗರ್ಟ್ರೂಡ್ ಎಲಿಯನ್. ಡಾಕ್ಟರೇಟನ್ನು ಪೂರೈಸಲಾಗದ ಈ ಹೆಣ್ಣುಮಗಳಿಗೆ 1988ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂತು. ಅದಕ್ಕೆ ಹಿಂದಿನ ವೈರಸ್ ಮದ್ದುಗಳು ರೋಗಿಯ ಜೀವಕೋಶಗಳನ್ನೂ ಬಡಿಯುತ್ತಿದ್ದವು. ಈ ಮದ್ದು ಹಾಗಲ್ಲ. ಆರೋಗ್ಯವಾದ ಕೋಶದೊಳಗೆ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ವೈರಸ್ಸು ಹೊಕ್ಕ ಕೋಶದಲ್ಲಿ ವೈರಸ್ಸಿನದೇ ಆದ ಒಂದು ಕಿಣ್ವ ಅದನ್ನು ಎಬ್ಬಿಸುತ್ತದೆ. ಕಳ್ಳನ ಕೈಯ ಬೀಗದ ಕೈಯಿಂದಲೇ ಕಳ್ಳನನ್ನು ಒಳಗೆ ಕೂಡಿಹಾಕಿದ ಹಾಗೆ. ಮುಂದೆ 1995ರಲ್ಲಿ ವಾಲಾಸೈಕ್ಲೋವಿರ್ ಬಳಕೆಗೆ ಬಂತು. ದೇಹದೊಳಗೆ ಇದು ಅಸೈಕ್ಲೋವಿರ್ ಆಗಿ ಮಾರ್ಪಡುತ್ತದೆ, ರಕ್ತಕ್ಕೆ ಹೆಚ್ಚು ಚೆನ್ನಾಗಿ ಸೇರುತ್ತದೆ. ನನ್ನ ಮೂತ್ರಪಿಂಡಗಳು ಸರಿಯಾಗಿವೆಯೆಂದು ಪರೀಕ್ಷೆ ಮಾಡಿಸಿದ ಮೇಲೆ ನಮ್ಮ ಮೈಸೂರಿನ ವೈದ್ಯರು ಬರೆದುಕೊಟ್ಟದ್ದು ಇದನ್ನೇ: ಎರಡು ಮಾತ್ರೆ, ಹನ್ನೆರಡು ಗಂಟೆ ಕಳೆದ ಮೇಲೆ ಮತ್ತೆರಡು. ಅಲ್ಲಿಗೆ ಮುಗಿಯಿತು. ಆದರೆ ನಿದ್ರಿಸುವ ವೈರಸ್ಸಿನ ಮೇಲೆ ಈ ಮದ್ದಿನ ಆಟ ನಡೆಯದು. ಮೇಲೆ ಬಂದು ಬೀಡುಬಿಟ್ಟ ಮೇಲೆ ಕೊಟ್ಟರೂ ಫಲ ಕಡಿಮೆ. “ಚುಮುಚುಮು ಎಂದಾಗಲೇ ತೆಗೆದುಕೊಳ್ಳಬೇಕಮ್ಮ, ಗುಳ್ಳೆ ಕಂಡ ಮೇಲಲ್ಲ. ಯಾವಾಗಲೂ ಜೊತೆಯಲ್ಲಿ ಇಟ್ಟುಕೊಂಡಿರಿ” ಎಂದಿದ್ದರು. ಜೊತೆಯಲ್ಲಿ ಎಂಬ ಮಾತಿಗೆ ನಾನು ಮಾಡಿದ ಅರ್ಥವೇ ಈ ಕಥೆಗೆ ಮೂಲ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ಕನ್ನಡ ತಾಯಿಯ ಪೆಟ್ಟಿಗೆಯನ್ನು ತಾವು ನೋಡಿರಬಹುದು. ಬಾಣಂತಿ ಲೇಹ್ಯ, ಮೆಂತ್ಯದ ಪುಡಿ, ಮೆಣಸಿನ ಸಾರಿನ ಪುಡಿ, ಅಂಟಿನ ಉಂಡೆ, ಬಜೆ, ಜಾಯಿಕಾಯಿ, ಹಳೆಯ ಪಂಚೆ ಹರಿದು ಮೆತ್ತಗೆ ಮಾಡಿದ ಬಟ್ಟೆಗಳು. ಇವುಗಳಲ್ಲಿ ಯಾವುದು ಎಲ್ಲಿರಬೇಕೆಂಬುದಕ್ಕೆ ಕಾನೂನುಗಳುಂಟು. ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವಸ್ಫೋಟಕಗಳಿಂದ ಉರುಳಿಸುವ ಸಂಚು 2006ರ ಆಗಸ್ಟಿನಲ್ಲಿ ಬಯಲಾಯಿತು. ಅಂದಿನಿಂದ ಕೈಚೀಲದ ದ್ರವ, ಲೇಪನಗಳಿಗೆ ಮಿತಿ ಬಂತು; ಬಹುತೇಕ ಕಡೆ ಒಂದೊಂದು ಸೀಸೆ 100 ಮಿಲಿಲೀಟರು ಮೀರಬಾರದು. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ ಪುಡಿಗಳ ಮೇಲೂ ಕಣ್ಣು: 350 ಮಿಲಿಲೀಟರಿನ ಡಬ್ಬಿಗಿಂತ ಹೆಚ್ಚಿದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ, ಅನುಮಾನ ಬಂದರೆ ಒಳಗೆ ಬಿಡುವುದಿಲ್ಲ. ನಮ್ಮ ತಿಪಟೂರಿನ ಕೊಬ್ಬರಿಗಂತೂ ಇನ್ನೂ ದೊಡ್ಡ ಪದವಿ. ವಿಮಾನದ ಶಾಸ್ತ್ರದಲ್ಲಿ ಅದು ತನ್ನಷ್ಟಕ್ಕೆ ತಾನೇ ಹೊತ್ತಿಕೊಳ್ಳಬಲ್ಲ ಅಪಾಯಕರ ಪದಾರ್ಥಗಳ ಪಟ್ಟಿಗೆ ಸೇರಿದೆ. ಕೊಬ್ಬರಿಯಿಲ್ಲದೆ ಅಂಟಿನ ಉಂಡೆ ಕಟ್ಟುವುದು ಹೇಗೆಂದು ನಾನು ಎರಡು ದಿನ ಯೋಚಿಸಿದೆ. ಅಂತೂ ಪುಡಿಗಳೆಲ್ಲ ದೊಡ್ಡ ಪೆಟ್ಟಿಗೆ ಸೇರಿದವು. ಅವುಗಳೊಡನೆ, ಸೀರೆಯ ಮಡಿಕೆಯೊಳಗೆ, ನನ್ನ ಮಾತ್ರೆಯ ಹಾಳೆಯೂ ಸೇರಿತು. ಕೈಚೀಲದಲ್ಲಿ ಇಟ್ಟರೆ ತಪಾಸಣೆಯವರು ತೆಗೆದು ಓದಿಯಾರು, ಹಿಂದೆ ನಿಂತ ಯಾರಾದರೂ ಕೇಳಿಯಾರು ಎಂಬ ಸಂಕೋಚ. ಕಾನೂನು ಮಾತ್ರೆಗೆ ಯಾವ ಅಡ್ಡಿಯನ್ನೂ ಮಾಡಿರಲಿಲ್ಲ. ಅಡ್ಡಿ ನಾನೇ.

ದೇವನಹಳ್ಳಿಯಿಂದ ಬೆಳಗಿನ ಜಾವ ಹೊರಟು, ನಡುದಾರಿಯಲ್ಲಿ ವಿಮಾನ ಬದಲಿಸಿ, ಅಟ್ಲಾಂಟಿಕ್ಕಿನ ಮೇಲೆ ಹೋಗುತ್ತಿದ್ದೆ. ಹೊರಗೆ 35,000 ಅಡಿ ಎತ್ತರವಾದರೂ ವಿಮಾನದೊಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಹೊಂದಿಸಿರುತ್ತಾರೆ. ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಹತ್ತಾರು ಗಂಟೆ ಕುಳಿತಂತೆ. ಗಾಳಿಯ ತೇವ ನೂರಕ್ಕೆ ಇಪ್ಪತ್ತಕ್ಕಿಂತಲೂ ಕಡಿಮೆ. ತುಟಿ ಒಣಗಿ ಬಿರಿಯಿತು. ಎರಡು ರಾತ್ರಿ ನಿದ್ದೆಯಿಲ್ಲ. ಮಗುವಿಗೆ ಕಾಮಾಲೆ ಇಳಿಯಿತೋ ಇಲ್ಲವೋ ಎಂಬ ಕಳವಳ ಬೇರೆ. ಇಳಿಯಲು ಐದು ಗಂಟೆ ಇದೆ ಎನ್ನುವಾಗ ಎಡ ಅಂಚಿನಲ್ಲಿ ಇರುವೆ ಹರಿಯಿತು.

ಪರಿಚಾರಿಕೆಯನ್ನು ಕರೆದು ಕೇಳಿದೆ. ಆಕೆ ತಲೆನೋವಿನ ಮಾತ್ರೆ ತಂದುಕೊಟ್ಟಳು. ಪಾಪ, ಅವಳ ಬಳಿ ಇದ್ದದ್ದು ಅಷ್ಟೇ. ನನ್ನ ಮಾತ್ರೆ ಕಾಲಡಿಯಲ್ಲಿಯೇ, ಈ ನೆಲದ ಹಲಗೆಯ ಆಚೆಗೇ ಇದೆ, ಇಳಿದೊಡನೆ ತೆಗೆದು ನುಂಗಿದರೆ ಹೆಚ್ಚು ತಡವಾಗದು ಎಂದು ಸಮಾಧಾನ ಹೇಳಿಕೊಂಡೆ. ಅದು ಕಾಲಡಿಯಲ್ಲಿ ಇರಲಿಲ್ಲ. ವಿಮಾನ ಬದಲಿಸಿದ ಊರಿನಲ್ಲಿಯೇ ಉಳಿದಿತ್ತು. ತಿರುಗುವ ಪಟ್ಟಿಯ ಮೇಲೆ ಎಲ್ಲರ ಪೆಟ್ಟಿಗೆಗಳೂ ಬಂದು, ಕೊನೆಗೆ ಪಟ್ಟಿಯೂ ನಿಂತಾಗ ನನಗೆ ಅದು ಅರ್ಥವಾಯಿತು. ಅಳಿಯಂದಿರು ಕಾದಿದ್ದರು. “ಅತ್ತೆ, ಚಿಂತೆ ಮಾಡಬೇಡಿ, ಎರಡು ದಿನದಲ್ಲಿ ಮನೆಗೇ ತಲುಪಿಸುತ್ತಾರೆ. ಲೇಹ್ಯ ಓಡಿಹೋಗುವುದಿಲ್ಲ” ಎಂದು ನಕ್ಕರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಲೇಹ್ಯದ ಮಾತಲ್ಲ, ಮೊದಲು ಮಗುವಿನ ಡಾಕ್ಟರಿಗೆ ಫೋನು ಮಾಡಬೇಕು” ಎಂದೆ. ಅಷ್ಟು ಹೇಳಲು ನನಗೆ ಹಿಡಿದ ಧೈರ್ಯ ವಿಮಾನ ಹತ್ತುವುದಕ್ಕೂ ಬೇಕಾಗಿರಲಿಲ್ಲ.

ದೊಡ್ಡವರಿಗೆ ಹತ್ತು ದಿನದ ಉಪದ್ರವವಾದ ಈ ವೈರಸ್ಸು ಕೆಲವೇ ವಾರದ ಕೂಸಿಗೆ ಹಾಗಲ್ಲ. ಕೂಸಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ, ವೈರಸ್ಸು ಯಕೃತ್ತಿಗೂ ಮೆದುಳಿಗೂ ಹರಡಬಹುದು, ಪ್ರಾಣವನ್ನೇ ತೆಗೆಯಬಹುದು. ಅಂಥ ಪ್ರಸಂಗ ವಿರಳ, ಆದರೆ ಅದಕ್ಕೆ ಒಂದು ಮುತ್ತು ಸಾಕು. ಮಕ್ಕಳ ವೈದ್ಯೆ ಬಹಳ ಸಮಾಧಾನದಿಂದ ಹೇಳಿದರು: ಮುತ್ತಿಡಬಾರದು, ಹುಣ್ಣನ್ನು ಮುಚ್ಚಿಕೊಳ್ಳಬೇಕು, ಅದನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಬೇಕು, ಹಕ್ಕಳೆ ಪೂರ್ತಿ ಉದುರುವವರೆಗೆ ಎಚ್ಚರ ಬೇಕು. ಮಗುವನ್ನು ಎತ್ತಲೇಬಾರದೆಂದು ಅವರು ಹೇಳಲಿಲ್ಲ. ಕೋಣೆ ಬೇರೆಯಾಗಲಿ ಎಂದವಳು ನಾನೇ. ನಿದ್ದೆಗಣ್ಣಿನಲ್ಲಿ ಕೈ ಎಲ್ಲಿಗೆ ಹೋಗುತ್ತದೆ, ತುಟಿ ಎಲ್ಲಿಗೆ ಬಾಗುತ್ತದೆ ಎಂಬುದರ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಮದ್ದನ್ನು ಅಲ್ಲಿಯೇ ಕೊಳ್ಳಬಾರದಿತ್ತೇ ಎಂದು ಕೇಳುವಿರಿ. ಆ ದೇಶದಲ್ಲಿ ಈ ಮಾತ್ರೆಗೆ ಅಲ್ಲಿನ ವೈದ್ಯರ ಚೀಟಿಯೇ ಬೇಕು. ಮೈಸೂರಿನ ಚೀಟಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದರೆ ಔಷಧದಂಗಡಿಯಾಕೆ ವಿನಯದಿಂದ ತಲೆಯಾಡಿಸಿದಳು. ಅದರಲ್ಲಿ ಬರೆದಿದ್ದದ್ದು ನಮ್ಮ ದೇಶದ ವ್ಯಾಪಾರದ ಹೆಸರು; ಅಕ್ಷರವೋ, ನಮ್ಮ ವೈದ್ಯರ ಅಕ್ಷರ. ಶನಿವಾರ ರಾತ್ರಿ. ವಾರಾಂತ್ಯದಲ್ಲಿ ತೆರೆದಿರುವ ಒಂದು ಚಿಕಿತ್ಸಾಲಯವನ್ನು ಹುಡುಕಿ, ಮರುದಿನ ಕಾದು ಕುಳಿತು, ಮಾತ್ರೆ ಕೈಗೆ ಬಂದಾಗ ಇರುವೆ ಹರಿದು ಮೂವತ್ತು ಗಂಟೆಯಾಗಿತ್ತು. ಗುಳ್ಳೆಗಳು ಎದ್ದು ನಿಂತಿದ್ದವು.

ಆ ಒಂಬತ್ತು ದಿನಗಳನ್ನು ಹೇಗೆ ಕಳೆದೆನೆಂದು ವಿವರಿಸುವುದು ಕಷ್ಟ. ಬಾಣಂತನ ಮಾಡಲು ಬಂದವಳು ಬಾಗಿಲ ಹೊಸಿಲಿನ ಆಚೆ, ಮುಸುಕು ಕಟ್ಟಿಕೊಂಡು, ಕುರ್ಚಿ ಹಾಕಿ ಕುಳಿತೆ. ಹೊಕ್ಕುಳ ಬಿದ್ದಿತ್ತು, ಎಣ್ಣೆ ನೀರು ಹಾಕಬೇಕು. ಮಗಳಿಗೆ ಬಗ್ಗಲಾಗದು. ಕೊನೆಗೆ ಅಳಿಯಂದಿರು, ಕಂಪ್ಯೂಟರಿನ ಮುಂದಲ್ಲದೆ ಬೇರೆಲ್ಲೂ ಕಾಲು ಚಾಚಿ ಕುಳಿತವರಲ್ಲ, ಒಣ ಸ್ನಾನದ ತೊಟ್ಟಿಯೊಳಗೆ ಎರಡು ಕಾಲನ್ನೂ ನೀಡಿ ಕುಳಿತರು. ಕಣಕಾಲುಗಳ ಸಂದಿನಲ್ಲಿ ಮಗುವನ್ನು ಮಲಗಿಸಿ, ನಾನು ಬಾಗಿಲಿನಿಂದ ಹೇಳಿದಂತೆ ಎಣ್ಣೆ ತಿಕ್ಕಿದರು. “ಕತ್ತಿನ ಮಡಿಕೆ, ಕತ್ತಿನ ಮಡಿಕೆ” ಎಂದು ನಾನು ಕೂಗುವುದು; “ಸಿಕ್ಕಿತು ಅತ್ತೆ, ಆದರೆ ಜಾರುತ್ತಿದ್ದಾಳೆ” ಎಂದು ಅವರು ಕೂಗುವುದು. ಮೂರನೆಯ ದಿನಕ್ಕೆ ಅವರ ಕೈ ನನ್ನ ಕೈಗಿಂತ ಹದವಾಗಿತ್ತು. ಇದನ್ನು ನಾನು ಸಂತೋಷದಿಂದ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಅಂದು ನನಗೆ ಹೊಟ್ಟೆಕಿಚ್ಚಾಗಿತ್ತು.

ಒಂದು ರಾತ್ರಿ ಮಗಳು ಹಾಲೂಡಿಸಿ ಬಂದು ನನ್ನ ಬಾಗಿಲಲ್ಲಿ ನಿಂತಳು.

“ಅಮ್ಮ, ಇದು ನಿನಗೆ ಮೊದಲಿನಿಂದಲೂ ಬರುತ್ತಿತ್ತಲ್ಲ. ಬೆಣ್ಣೆ ಹಚ್ಚಿಕೊಳ್ಳುತ್ತಿದ್ದದ್ದು ನೆನಪಿದೆ ನನಗೆ.”

“ಹೌದು ಕಣೇ. ಹೆಸರು ಮಾತ್ರ ಹೇಳಲಿಲ್ಲ.”

“ನನಗೂ ಕಾಲೇಜಿನಲ್ಲಿದ್ದಾಗ ಬರುತ್ತಿತ್ತು. ಹಾಸ್ಟೆಲಿನಲ್ಲಿ ಯಾರೋ ಏನೋ ಅಂದರು. ನಿನಗೆ ಹೇಳೋಕೆ ನಾಚಿಕೆಯಾಗಿ ಸುಮ್ಮನಾದೆ.”

ತಾತನಿಂದಲೋ ಅತ್ತೆಯಿಂದಲೋ ನನಗೆ ಬಂದದ್ದು ನನ್ನಿಂದ ಅವಳಿಗೆ ಹೋಗಿತ್ತು. ಅದರ ಜೊತೆಗೆ ಆ ನಾಚಿಕೆಯೂ. ಮರುದಿನ ವೈದ್ಯೆಗೆ ಅದನ್ನೂ ತಿಳಿಸಿದೆವು. ತಾಯಿಗೆ ಹಳೆಯದಾಗಿ ಇದ್ದರೆ ಗರ್ಭದಲ್ಲಿಯೇ ಕೂಸಿಗೆ ಸ್ವಲ್ಪ ರಕ್ಷಣೆ ಬಂದಿರುತ್ತದೆ, ಆದರೆ ಅದನ್ನು ನೆಚ್ಚಿಕೊಂಡು ಎಚ್ಚರ ತಪ್ಪಬೇಡಿ ಎಂದರು. ಹತ್ತನೆಯ ದಿನ ತುಟಿ ಶುಭ್ರವಾಯಿತು. ಕೈ ಮೂರು ಸಲ ತೊಳೆದು ಮಗುವನ್ನು ಎತ್ತಿಕೊಂಡೆ. ಮುಖಕ್ಕೆ ಅಂದೂ ಮುತ್ತಿಡಲಿಲ್ಲ, ಆಮೇಲೂ ಬಹಳ ದಿನ ಇಡಲಿಲ್ಲ. ಹುಣ್ಣು ಕಾಣದಿರುವಾಗಲೂ ಒಮ್ಮೊಮ್ಮೆ ಎಂಜಲಿನಲ್ಲಿ ವೈರಸ್ಸು ಇರುತ್ತದಂತೆ.

ಪೆಟ್ಟಿಗೆ ಮೂರನೆಯ ದಿನವೇ ಬಂದಿತ್ತು. ಮೆಂತ್ಯದ ಪುಡಿಯ ಪೊಟ್ಟಣ ಒಡೆದು ಮಾತ್ರೆಯ ಹಾಳೆಗೆಲ್ಲ ಮೆತ್ತಿತ್ತು.

ಹಿಂದಿರುಗಿದ ಮೇಲೆ ಪ್ರಯಾಣ ಹೊರಡುವ ಗೆಳತಿಯರಿಗೆಲ್ಲ ನಾನು ಪುರೋಹಿತಿಯಾಗಿದ್ದೇನೆ. ಮಾತ್ರೆಯ ಹಾಳೆಯನ್ನು ನಮ್ಮ ಅಂಗಡಿಯವರು ಕತ್ತರಿಸಿ ನಾಲ್ಕೇ ಮಾತ್ರೆ ಕೊಡುತ್ತಾರಲ್ಲ, ಪ್ರಯಾಣಕ್ಕೆ ಅದು ಬೇಡ. ಹೆಸರೂ ಅವಧಿಯ ತಾರೀಖೂ ಬಹುಮಟ್ಟಿಗೆ ಕತ್ತರಿಸಿಹೋದ ತುಂಡಿನಲ್ಲಿ ಉಳಿದಿರುತ್ತವೆ. ಪೂರ್ತಿ ಹಾಳೆ, ಅದರ ಪೆಟ್ಟಿಗೆ, ಜೊತೆಗೆ ಅಚ್ಚುಹಾಕಿಸಿದ ಚೀಟಿ. ಚೀಟಿಯಲ್ಲಿ ವ್ಯಾಪಾರದ ಹೆಸರಲ್ಲದೆ ಮದ್ದಿನ ನಿಜನಾಮ. ತುಟಿಗೆ ಹಚ್ಚುವ ಲೇಪನದ ಕೊಳವೆ ಐದು ಗ್ರಾಮಿನಷ್ಟು ಸಣ್ಣದು. ದ್ರವಗಳ ಪಾರದರ್ಶಕ ಚೀಲದಲ್ಲಿ ಇಟ್ಟರೆ ಆಯಿತು. ಎಷ್ಟು ದಿನದ ಮದ್ದು ಒಯ್ಯಬಹುದೆಂಬುದು ದೇಶದಿಂದ ದೇಶಕ್ಕೆ ಬೇರೆ: ಜಪಾನಿನಲ್ಲಿ ಮುಂಚಿತವಾಗಿ ಅನುಮತಿ ಪಡೆಯದಿದ್ದರೆ ವೈದ್ಯರು ಬರೆದ ಮಾತ್ರೆ ಒಂದು ತಿಂಗಳಿನಷ್ಟು, ಅಮೆರಿಕದಲ್ಲಿ ಸಾಮಾನ್ಯವಾಗಿ ತೊಂಬತ್ತು ದಿನದಷ್ಟು. ನಮ್ಮ ಈ ಮಾತ್ರೆ ಅಮಲಿನ ಪದಾರ್ಥವಲ್ಲವಾದ್ದರಿಂದ ತಕರಾರು ಕಡಿಮೆ. ದುಬೈಗೆ ಹೊರಟಿದ್ದ ಒಬ್ಬರು ಅದೇ ಧೈರ್ಯದಿಂದ ಕೊಡೀನ್ ಬೆರೆತ ಕೆಮ್ಮಿನ ಔಷಧವನ್ನೂ ಚೀಲಕ್ಕೆ ಹಾಕಿದ್ದರು, ತೆಗೆಸಿದೆ. ಅಲ್ಲಿ ಅದಕ್ಕೆ ಸರಕಾರದ ಪೂರ್ವಾನುಮತಿ ಬೇಕು, ಇಲ್ಲದಿದ್ದರೆ ಸೆರೆಮನೆಯವರೆಗೂ ಹೋಗಬಹುದು.

2024ರ ಮೇ ತಿಂಗಳಲ್ಲಿ ಮರಳಿ ಬರುವಾಗ ಮಾತ್ರೆ ಕೈಚೀಲದ ಹೊರಜೇಬಿನಲ್ಲಿತ್ತು, ಚೀಟಿಯ ಸಮೇತ. ತಪಾಸಣೆಯ ಅಧಿಕಾರಿ ಚೀಲ ತೆರೆಸಿದ. ನನ್ನ ಎದೆ ಹಳೆಯ ಅಭ್ಯಾಸದಂತೆ ಹೊಡೆದುಕೊಂಡಿತು. ಅವನು ಮಾತ್ರೆಯನ್ನು ನೋಡಲೂ ಇಲ್ಲ. ಮಗಳು ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿಯ ಡಬ್ಬಿಯನ್ನು ಎತ್ತಿ ಹಿಡಿದು, ಇದೇನೆಂದು ಕೇಳಿ, ಪಕ್ಕಕ್ಕೆ ಇಟ್ಟುಕೊಂಡ.

ನಡುರಾತ್ರಿ ಸಮುದ್ರದ ಮೇಲೆ ಇರುವೆ ಹರಿಯಿತು. ಎರಡು ಮಾತ್ರೆ ನುಂಗಿ ತುಂಬ ನೀರು ಕುಡಿದೆ. ವಿಮಾನದ ಪರದೆಯಲ್ಲಿ ಹೊತ್ತು ಹಿಂದೆ ಮುಂದೆ ಹಾರುತ್ತಿತ್ತು. ನಾನು ನನ್ನ ಕೈಗಡಿಯಾರವನ್ನು ಯಾವ ದೇಶಕ್ಕೂ ತಿರುಗಿಸದೆ ಹನ್ನೆರಡು ಗಂಟೆ ಎಣಿಸಿ ಉಳಿದೆರಡನ್ನು ನುಂಗಿದೆ. ದೇವನಹಳ್ಳಿಯಲ್ಲಿ ಇಳಿದಾಗ ನಮ್ಮ ಯಜಮಾನರು ನನ್ನ ಮುಖವನ್ನು ದಿಟ್ಟಿಸಿ, “ಈ ಸಲ ಏನೂ ಎದ್ದಿಲ್ಲವಲ್ಲ” ಎಂದರು. ಎದ್ದಿರಲಿಲ್ಲ. ಪೆಟ್ಟಿಗೆ ಮಾತ್ರ ಈ ಸಲವೂ ಒಂದು ದಿನ ತಡವಾಗಿ ಬಂತು.